ಹಸಿದ ಕೌದಿ

ಈ ಕಡೆ ತಿರುಗೇ ಮರಿ. ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ರೆ ಕತೆ ಗೋಡೆಗೆ ಕೇಳಿಸುತ್ತೆ, ಗೋಡೆ ಏನು ಹೂಂ ಅನ್ನುತ್ತಾ? ಸರಿ, ತಿರುಗಬೇಡ ಬಿಡು. ನಿಂಬೆಹಣ್ಣು ಬಿತ್ತು, ಹೌದು ಬಿತ್ತು, ಚಮಚದಲ್ಲಿಟ್ಟು ಬಾಯಲ್ಲಿ ಕಚ್ಕೊಂಡು ಓಡಿದ್ರೆ ನನ್ನ ನಿಂಬೆಹಣ್ಣೂ ಬೀಳೋದೇ. ನಾನು ಅದರ ಮಾತೇ ಎತ್ತಲ್ಲ. ನಾನು ಹೇಳೋದು ಬೇರೆ ಯಾರದೋ ಕತೆ. ಹೂಂ ಅನ್ನೋದು ಮಾತ್ರ ಬಿಡಬೇಡ, ನೀನು ಹೂಂ ಅನ್ನದಿದ್ರೆ ನನಗೆ ದಾರಿ ತಪ್ಪುತ್ತೆ.

ಒಂದಾನೊಂದು ಕಾಲ ಅಂತ ಇತ್ತಂತೆ, ಅದೆಷ್ಟು ಹಿಂದೆ ಅಂದ್ರೆ ನಮ್ಮಜ್ಜಿಯ ಅಜ್ಜಿಗೂ ಅದು ಯಾರೋ ಹೇಳಿ ಗೊತ್ತಿದ್ದಂತೆ. ಆ ಕಾಲದಲ್ಲಿ ಹೊಳೆ ದಂಡೆ ಮೇಲೆ ಒಂದು ಸಣ್ಣ ಊರು, ಊರಲ್ಲಿ ಸೂಗಿ ಅಂತ ಒಬ್ಳು ಹುಡುಗಿ, ಅವಳಿಗೊಬ್ಳು ಅವ್ವ. ಅವ್ವ ಕೌದಿ ಹೊಲಿಯೋಳಂತೆ. ಹಳೇ ಸೀರೆ, ಹಳೇ ಧೋತ್ರ, ಹರಿದ ಲಂಗ ಎಲ್ಲಾ ತುಂಡು ಮಾಡಿ, ಒಂದರ ಮೇಲೊಂದು ಹಾಸಿ, ದಾರ ಎಳೆದು ಹೊಲಿದ್ರೆ ಅದೇ ಕೌದಿ. ಸೂಗಿ ಅವ್ವನ ಮಗ್ಗುಲಲ್ಲಿ ಕೂತು ಕೂತು ತಾನೂ ಕಲಿತುಬಿಟ್ಟಿದ್ಳಂತೆ. ಅವಳ ಹೊಲಿಗೆ ನೋಡಿದವರು ಇದೇನು ಇರುವೆ ಸಾಲು ಹೊರಟ ಹಾಗಿದೆಯಲ್ಲೇ ಅಂತ ಮೂಗಿನ ಮೇಲೆ ಬೆರಳಿಡ್ತಿದ್ರಂತೆ.

ಹೀಗಿರೋವಾಗ ಆ ರಾಜ್ಯದ ರಾಣಿಗೆ ಗಂಡು ಕೂಸು ಹುಟ್ತಂತೆ. ಹುಟ್ಟಿದ್ದೇನೋ ಸರಿ, ಆದ್ರೆ ಕೂಸಿಗೆ ನಿದ್ದೆಯೇ ಇಲ್ಲವಂತೆ. ರೇಷ್ಮೆ ಹೊದಿಸಿದ್ರೂ ಕಿರುಚುತ್ತೆ, ಮಕಮಲ್ಲು ಹೊದಿಸಿದ್ರೂ ಕಿರುಚುತ್ತೆ. ಆಮೇಲೆ ರಾಣಿ ಡಂಗೂರ ಹೊಡೆಸಿದ್ಳಂತೆ. ರಾಜ್ಯದ ಸಣ್ಣ ಹುಡುಗಿಯರು ಯಾರು ಬೇಕಾದ್ರೂ ತಾವೇ ಕೈಯಾರೆ ಒಂದು ಕೌದಿ ಹೊಲಿದು ತರಲಿ, ಯಾರ ಕೌದಿಯೊಳಗೆ ನನ್ನ ಕೂಸು ಮಲಗುತ್ತೋ ಆ ಹುಡುಗಿಯನ್ನ ಪಟ್ಟದಾನೆ ಮೇಲೆ ಕೂರಿಸಿ ಅವಳ ಊರು ಮುಟ್ಟಿಸ್ತೀನಿ ಅಂತ.

ಸೂಗಿಯ ಊರಿನವರು ಆನೆ ಅನ್ನೋದನ್ನ ಕಣ್ಣಾರೆ ಕಂಡವರೇ ಅಲ್ಲ. ಡಂಗೂರದವನು ಊರು ದಾಟೋದೇ ತಡ, ಎಲ್ಲರೂ ಸೂಗಿ ಮನೆ ಮುಂದೆ ಬಂದು ನಿಂತ್ರಂತೆ. ನೀನೇ ಹೋಗಬೇಕು, ನೀನೇ ಗೆಲ್ಲಬೇಕು, ನಮ್ಮೂರಿಗೆ ಆನೆ ತರಬೇಕು ಅಂತ. ಎದುರು ಮನೆ ಶಂಕ್ರವ್ವ ತನ್ನ ಮದುವೆ ಸೀರೆಯ ಸೆರಗನ್ನೇ ಕತ್ತರಿಸಿ ಕೊಟ್ಳಂತೆ. ಕುಂಬಾರರ ಮುದುಕ ತೀರಿಹೋದ ಹೆಂಡತಿಯ ಕುಪ್ಪಸ ತಂದ್ಕೊಟ್ಟು, ಹುಷಾರವ್ವಾ, ಇದೊಂದೇ ಉಳಿದಿರೋದು ಅಂದನಂತೆ. ಶಂಕ್ರವ್ವನ ಸಣ್ಣ ಮಗಳು ದುಗ್ಗಿ ಉಟ್ಟಿದ್ದ ಲಂಗದ ಅಂಚನ್ನೇ ಪರ್ ಅಂತ ಹರಿದು ಕೊಟ್ಟು ಅವ್ವನ ಕೈಲಿ ಬೈಸಿಕೊಂಡ್ಳಂತೆ. ಒಂದು ಮನೆ ಬಿಡದೆ ಎಲ್ಲರ ಮನೆಯ ಬಟ್ಟೆಯೂ ಆ ಕೌದಿಗೆ ಬಂತಂತೆ.

ಹೂಂ ಅಂದ್ಯಾ? ಅಂದೆ ಅನ್ಕೋತೀನಿ.

ಆಮೇಲೆ ಸೂಗಿ ಹೊಲಿಯೋಕೆ ಕೂತ್ಳಂತೆ. ಕೂತ್ರೂ ಹೊಲಿಗೆ, ನಿಂತ್ರೂ ಹೊಲಿಗೆ. ಮೊದಮೊದಲು ಖುಷಿಯಾಗೇ ಇತ್ತು. ಆದ್ರೆ ದಾರೀಲಿ ಹೋಗೋರೆಲ್ಲ ಕಿಟಕಿಯಲ್ಲಿ ಇಣುಕಿ, ಏನೇ ಸೂಗಿ, ಆನೆ ಕಟ್ಟೋಕೆ ಗೂಟ ನೆಡ್ಲಾ ಅಂತ ಕೇಳೋರು, ನಗೋರು, ಹೋಗೋರು. ಅವರು ನಕ್ಕು ಹೋದ ಮೇಲೆ ಇವಳು ಸೂಜಿ ಹಿಡಿದೇ ಯೋಚಿಸೋಳು. ನಾನು ಗೆಲ್ಲದಿದ್ರೆ? ಈ ಸೆರಗಿಗೆ ಏನು ಹೇಳ್ಲಿ, ಆ ಕುಪ್ಪಸಕ್ಕೆ ಏನು ಹೇಳ್ಲಿ? ಬರಬರ್ತಾ ಅನ್ನ ತಟ್ಟೆಯಲ್ಲೇ ಉಳಿಯೋಕೆ ಶುರುವಾಯ್ತು, ಸೂಜಿ ಬಟ್ಟೆಗೆ ಚುಚ್ಚೋ ಬದಲು ಬೆರಳಿಗೇ ಚುಚ್ಚೋದಾಯ್ತು.

ಕೌದಿ ಹೊಲಿಯೋರಿಗೆ ಒಂದು ಪದ್ಧತಿ ಇದೆ ಮರಿ. ಮೂರು ಮೂಲೆ ಮುಚ್ಚಿ, ಕೊನೇ ಮೂಲೆ ಮುಚ್ಚೋ ಮುಂಚೆ ಒಳಗೊಂದು ತುತ್ತು ಇಡಬೇಕು. ರೊಟ್ಟಿ ಚೂರೋ, ಹೋಳಿಗೆ ಚೂರೋ, ಮನೇಲಿ ಏನಿದ್ರೆ ಅದು. ಕೌದಿಯ ಹೊಟ್ಟೆ ತುಂಬಿರಬೇಕು, ಹಸಿದ ಕೌದಿಯನ್ನ ಯಾರ ಕೈಗೂ ಕೊಡಬಾರದು. ಸೂಗಿಗೂ ಅದು ಗೊತ್ತು. ರೊಟ್ಟಿ ಚೂರು ಕೈಯಲ್ಲಿ ಹಿಡ್ಕೊಂಡೇ ಕೂತಿದ್ಳಂತೆ. ಆದ್ರೆ ಹೆದರಿದ ಮನಸ್ಸು ನೋಡು, ರೊಟ್ಟಿಗೆ ಎಣ್ಣೆ ಹತ್ತಿದೆ, ಎಣ್ಣೆ ಬಟ್ಟೆಗೆ ಇಳಿದ್ರೆ ಕಲೆ ಆಗುತ್ತೆ, ಕಲೆ ಕಂಡ್ರೆ ರಾಣಿ ಬೇಡ ಅಂತಾಳೆ, ಅಂತ ಲೆಕ್ಕ ಹಾಕಿದ್ಳಂತೆ. ಅವ್ವ ನೀರಿಗೆ ಹೋಗಿದ್ಳು, ನೋಡೋರು ಯಾರೂ ಇರಲಿಲ್ಲ. ರೊಟ್ಟಿ ಚೂರನ್ನ ತಾನೇ ಬಾಯಿಗೆ ಹಾಕ್ಕೊಂಡು, ಖಾಲಿ ಮೂಲೆಯನ್ನ ಬಿಗಿಯಾಗಿ ಹೊಲಿದು ಗಂಟು ಹಾಕಿಬಿಟ್ಳಂತೆ.

ಆಮೇಲೆ ಕೌದಿ ಹೊತ್ಕೊಂಡು ಅರಮನೆಗೆ ಹೋದ್ಳಂತೆ. ಅಲ್ಲಿ ಎಲ್ಲೆಲ್ಲಿಂದಲೋ ಹುಡುಗಿಯರು ಬಂದಿದ್ರಂತೆ, ಎಲ್ಲರ ಕಂಕುಳಲ್ಲೂ ಕೌದಿ. ಮೊದಲು ರಾಣಿ ಬಂದು ಕಣ್ಣಿಂದ ನೋಡಿದ್ಳು, ಸೂಗಿಯ ಕೌದಿ ಪಾಸು. ಆಮೇಲೆ ಮುದುಕಿ ಸೂಲಗಿತ್ತಿ ಬಂದು ಕೆನ್ನೆಗೆ ಒತ್ತಿ ನೋಡಿದ್ಳು, ಸೂಗಿಯ ಕೌದಿ ಪಾಸು. ಕೊನೆಗೆ ಉಳಿದದ್ದು ಇಬ್ಬರೇ, ಸೂಗಿ ಒಬ್ಳು, ಗುಡ್ಡದಾಚೆ ಊರಿನ ಹುಡುಗಿ ಇನ್ನೊಬ್ಳು. ಮಟಮಟ ಮಧ್ಯಾಹ್ನ, ತೊಟ್ಟಿಲಲ್ಲಿ ಕೂಸು. ಮೊದಲು ಸೂಗಿಯ ಕೌದಿ ಹೊದಿಸಿದ್ರಂತೆ. ಸೂಗಿ ಉಸಿರು ಬಿಗಿ ಹಿಡ್ಕೊಂಡು ನಿಂತ್ಳು. ಕೂಸು ಒಂದು ಸಲ ಮೇಲೆ ನೋಡ್ತು, ಒಂದು ಸಲ ಕೆಳಗೆ ನೋಡ್ತು, ಆಮೇಲೆ ಎರಡೂ ಕಾಲೆತ್ತಿ ಝಾಡಿಸಿ ಒದ್ದುಬಿಡ್ತಂತೆ. ಕೌದಿ ನೆಲಕ್ಕೆ. ಆಮೇಲೆ ಆ ಇನ್ನೊಬ್ಳ ಕೌದಿ ಹೊದಿಸಿದ್ರಂತೆ. ಕೂಸು ಆಕಳಿಸ್ತು, ಹೆಬ್ಬೆರಳು ಬಾಯಿಗಿಟ್ಕೊಳ್ತು, ನಿದ್ದೆ ಹೋಯ್ತು.

ತುತ್ತು ಇಡದೇ ಇದ್ದಿದ್ದಕ್ಕೇ ಸೋತ್ಳು ಅಂತ ನೀನು ಅನ್ಕೋಬೇಡ. ಯಾರೂ ಮೋಸ ಮಾಡಲಿಲ್ಲ, ಯಾರ ಕಣ್ಣೂ ತಾಗಲಿಲ್ಲ. ಆ ಹುಡುಗಿಯ ಕೌದಿ ಚೆನ್ನಾಗಿತ್ತು, ಅವಳು ಗೆದ್ಳು. ಸೂಗಿಯದೂ ಚೆನ್ನಾಗಿತ್ತು, ಅವಳು ಸೋತ್ಳು. ಅಷ್ಟೇ.

ಅಷ್ಟೇ ಅಂತ ಹೇಳೋಕೆ ನನಗೇನು, ಬಾಯಿ ನೋಯುತ್ತಾ? ಸೂಗಿಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಗಿತ್ತಂತೆ. ಹಿಂದೆ ಆನೆ ಘೀಳಿಡೋದು, ತುತ್ತೂರಿ ಊದೋದು ಕೇಳಿಸ್ತಿತ್ತು, ಅದು ಬೇರೆ ಊರಿಗೆ ಹೊರಟಿತ್ತು. ಇವಳು ಕೌದಿ ಮಡಚಿ ತಲೆ ಮೇಲಿಟ್ಕೊಂಡು, ಯಾರೂ ನೋಡದ ಹಾಗೆ ಹಿಂದಿನ ಬಾಗಿಲಿಂದ ಹೊರಬಿದ್ಳಂತೆ. ಒಂದೇ ಯೋಚನೆ, ಊರಲ್ಲಿ ಏನಂತ ಹೇಳ್ಲಿ, ಊರಲ್ಲಿ ಏನಂತ ಹೇಳ್ಲಿ.

ಹಾಗೆ ಹೋಗ್ತಾ ಹೋಗ್ತಾ ತಲೆ ಮೇಲಿನ ಕೌದಿ ಸಣ್ಣ ದನಿಯಲ್ಲಿ ಮಾತಾಡ್ತಂತೆ. ಸೂಗಿ, ನಂಗೆ ಹಸಿವು. ಸೂಗಿ ಬೆಚ್ಚಿಬಿದ್ದು ಅತ್ತಿತ್ತ ನೋಡಿದ್ಳು. ಬಾಯಿ ಮುಚ್ಚು ಅಂದ್ಳಂತೆ. ಕೌದಿ ಸುಮ್ಮನಾಯ್ತು, ಆದ್ರೆ ಅದರ ಹಸಿವು ಸುಮ್ಮನಾಗುತ್ತಾ?

ಸ್ವಲ್ಪ ದೂರ ಹೋದ ಮೇಲೆ ಒಂದು ಅರವಟ್ಟಿಗೆ ಸಿಕ್ತಂತೆ, ದಾರಿಹೋಕರಿಗೆ ನೀರು ಕೊಡೋ ಚಪ್ಪರ. ಅಲ್ಲಿ ಕೂತಿದ್ದ ಮುದುಕಿ ತಂಬಿಗೆ ತುಂಬ ನೀರು ಕೊಟ್ಟು, ಬಿಸಿಲಲ್ಲಿ ಬಂದೆಯಲ್ಲ ತಾಯಿ, ಅರಮನೆ ಪಂದ್ಯ ಏನಾಯ್ತು ಅಂತ ಕೇಳಿದ್ಳಂತೆ. ಸೋತೆ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ಬಂದದ್ದನ್ನ ನುಂಗಿ, ಇನ್ನೂ ಏನೂ ತೀರ್ಮಾನ ಆಗಿಲ್ಲ ಅಜ್ಜಿ, ಆಮೇಲೆ ಹೇಳಿ ಕಳಿಸ್ತಾರಂತೆ ಅಂದ್ಳು. ಅನ್ನೋದೇ ತಡ, ಹಸಿದ ಕೌದಿ ಆ ಸುಳ್ಳನ್ನ ಗುಳುಂ ಅಂತ ನುಂಗಿಬಿಡ್ತಂತೆ. ಖಾಲಿ ಮೂಲೆಯಲ್ಲಿ ಗುಂಡುಕಲ್ಲಿನ ಹಾಗೆ ಏನೋ ಗಟ್ಟಿಯಾಗಿ ಕೂತ್ಕೊಳ್ತು. ಸೂಗಿಯ ಕತ್ತು ಒಂದು ಕಡೆ ವಾಲ್ತು. ಹೊಟ್ಟೆ ತುಂಬಿತಾ ಅಂದ್ರೆ, ಇಲ್ಲ, ಇನ್ನೂ ಹಸಿವು ಅಂತಂತೆ ಕೌದಿ.

ಆಮೇಲೆ ಇನ್ನಷ್ಟು ದೂರ ಹೋದ ಮೇಲೆ ಬಳೆಗಾರ ಸಿಕ್ಕಿದನಂತೆ. ಅವನು ಸೂಗಿಯ ಊರಿಗೇ ಬಳೆ ತೊಡಿಸೋಕೆ ಹೊರಟಿದ್ದ, ಹುಟ್ಟಿದಾಗಿನಿಂದ ಅವಳನ್ನ ಕಂಡವನು. ಏನೇ ಸೂಗಿ, ಮುಖ ಯಾಕೆ ಸಣ್ಣಗಿದೆ, ಸೋತ್ಯೇನೇ ಅಂತ ನಗ್ತಾ ಕೇಳಿದನಂತೆ. ಅವನ ನಗು ನೋಡಿ ಇವಳಿಗೆ ಮೈಯೆಲ್ಲ ಉರಿದುಹೋಯ್ತು. ಯಾಕೆ ಸೋಲ್ತೀನಿ ಮಾವಾ, ಗೆದ್ದೆ ಅಂದುಬಿಟ್ಳು. ಹೌದೇನೇ, ಹಾಗಾದ್ರೆ ಆನೆ ಎಲ್ಲಿ? ಆನೆ ಹಿಂದೆ ಬರ್ತಿದೆ, ಕೆರೇಲಿ ನೀರು ಕುಡೀತಿದೆ. ಬಳೆಗಾರ ಹಿಂದೆ ಮುಂದೆ ನೋಡಲಿಲ್ಲ. ಊರಿಗೆ ಮೊದಲು ನಾನೇ ಹೇಳ್ತೀನಿ ಅಂತ, ಬಳೆ ಮಲಾರ ಗಲಗಲ ಅನ್ನಿಸ್ತಾ ಓಟ ಕಿತ್ತನಂತೆ. ಮಾವಾ ನಿಲ್ಲು, ನಿಲ್ಲು ಮಾವಾ ಅಂತ ಇವಳು ಕೂಗಿದ್ಳು. ಆ ಗಲಗಲದಲ್ಲಿ ಅವನಿಗೆಲ್ಲಿ ಕೇಳಿಸಬೇಕು.

ಕೌದಿ ಆ ಸುಳ್ಳನ್ನೂ ನುಂಗ್ತು. ಈಗ ರುಬ್ಬುಗುಂಡು ಹೊತ್ತ ಹಾಗಾಯ್ತಂತೆ. ತಲೆ ಮೇಲೆ ಆಗಲಿಲ್ಲ, ಬೆನ್ನಿಗೆ ಕಟ್ಕೊಂಡ್ಳು. ನಾಲ್ಕು ಹೆಜ್ಜೆಗೊಂದು ಸಲ ನಿಂತು ಗಂಟು ಸರಿ ಮಾಡ್ಕೊಳ್ಳೋಳು.

ಆಮೇಲೆ ಹೊಳೆ ಬಂತು. ಹೊಳೆಯಲ್ಲಿ ಹರಿಗೋಲು, ಹರಿಗೋಲಲ್ಲಿ ಅಂಬಿಗ. ಆ ಅಂಬಿಗ ಹೊಸಬ, ಇವಳ ಗುರುತಿಲ್ಲ. ಹುಟ್ಟು ಹಾಕ್ತಾ ಹಾಕ್ತಾ ಹೇಳಿದನಂತೆ, ಯಾರೋ ಸೂಗಿ ಅಂತೆ ಕಣವ್ವಾ, ಆನೆ ಗೆದ್ದು ಈ ದಾರೀಲೇ ಬರ್ತಿದ್ದಾಳಂತೆ, ಬಳೆಗಾರ ಹೇಳ್ಕೊಂಡು ಹೋದ. ನನ್ನ ಹರಿಗೋಲಲ್ಲಿ ಆನೆ ಹಿಡಿಯುತ್ತಾ ಅಂತ ನಂಗೆ ಆಗಿಂದ ಅದೇ ಚಿಂತೆ. ನೀನು ಅವಳನ್ನ ಕಂಡ್ಯಾ?

ಇಲ್ಲ ಅಣ್ಣಾ, ಸೂಗಿ ಅಂದ್ರೆ ಯಾರೋ ನಂಗೊತ್ತೇ ಇಲ್ಲ ಅಂದ್ಳಂತೆ ಸೂಗಿ.

ತನ್ನ ಹೆಸರನ್ನೇ ಇಲ್ಲ ಅಂದುಬಿಟ್ಳು ನೋಡು! ಕೌದಿ ಅದನ್ನೂ ನುಂಗ್ತು. ನುಂಗಿದ್ದೇ ಬಂಡೆಯಷ್ಟು ಭಾರವಾಗಿ ಕೂತ್ಕೊಳ್ತು. ಹರಿಗೋಲು ಒಂದು ಪಕ್ಕಕ್ಕೆ ಒರಗಿ ಗಿರಗಿರ ಸುತ್ತೋಕೆ ಹತ್ತಿತು, ಅಂಚಿನ ಮೇಲಿಂದ ನೀರು ಒಳಗೆ ಬಂತು. ಅಂಬಿಗ ಹುಟ್ಟು ಬಿಟ್ಟು ಬೊಗಸೆಯಲ್ಲಿ ನೀರು ಎತ್ತಿ ಹಾಕ್ತಾ, ಏನಿದೆಯೇ ಆ ಗಂಟಲ್ಲಿ, ಎಸೆಯೇ ಹೊಳೆಗೆ, ಇಬ್ಬರೂ ಮುಳುಗ್ತೀವಿ ಅಂತ ಕೂಗಿದನಂತೆ.

ಸೂಗಿ ಕೌದಿಯನ್ನ ಎರಡೂ ಕೈಯಲ್ಲಿ ಹಿಡಿದು ಅಂಚಿಗೆ ತಂದ್ಳಂತೆ. ಎಸೆದ್ರೆ ಎಲ್ಲಾ ಮುಗೀತು. ಕೌದಿಯೇ ಇಲ್ಲ, ಕೇಳೋರು ಯಾರು? ಹೊಳೆ ಕೊಚ್ಕೊಂಡು ಹೋಯ್ತು ಅಂದ್ರಾಯ್ತು. ತಳ್ಳಬೇಕು ಅನ್ನೋವಾಗ ಆ ಮುದುಕನ ಕುಪ್ಪಸದ ತುಂಡು ಕಣ್ಣಿಗೆ ಬಿತ್ತಂತೆ, ಅದೊಂದೇ ಉಳಿದಿರೋದು ಅಂದಿದ್ದ ಅವನು. ಕೈ ಬರಲಿಲ್ಲ. ನೀರು ಮೊಣಕಾಲಿಗೆ ಬಂತು, ಅಂಬಿಗ ಕೂಗ್ತಿದ್ದಾನೆ, ಕೌದಿ ಹಸಿವು ಹಸಿವು ಅಂತಿದೆ. ಸೂಗಿಗೆ ಕಣ್ಣು ಕತ್ತಲೆ ಬಂದು, ಏನು ಮಾಡೋದು ತಿಳೀದೆ, ಗಟ್ಟಿಯಾಗಿ ಕಿರುಚಿಬಿಟ್ಳಂತೆ. ನಾನೇ ಸೂಗಿ ಅಣ್ಣಾ! ನಾನು ಸೋತೆ! ನಾನು ಸೋತುಬಿಟ್ಟೆ!

ಕೌದಿ ಡರ್ ಅಂತ ಒಂದು ತೇಗು ತೇಗ್ತಂತೆ. ಹೊಲಿಗೆ ಸಂದಿಯಿಂದ ಒಂದು ಕರೀ ಕಲ್ಲು ಜಾರಿ, ಬುಳುಂಕ್ ಅಂತ ಹೊಳೆಗೆ ಬಿತ್ತು. ಹರಿಗೋಲು ನೆಟ್ಟಗಾಯ್ತು. ಅಂಬಿಗ ಒದ್ದೆ ಮುಖ ಒರೆಸ್ಕೊಂಡು, ಸದ್ಯ, ಆನೆ ಬರಲ್ಲ ಅಂದ್ಯಲ್ಲ, ನನ್ನ ಹರಿಗೋಲು ಉಳೀತು ಅಂದನಂತೆ.

ಒಬ್ಬ ಅಪರಿಚಿತನಿಗೆ ಹೇಳಿದ್ದಾಯ್ತು. ಆದ್ರೆ ಬಳೆಗಾರ ಹೊತ್ತು ಹೋದ ಸುಳ್ಳು? ಅದು ಊರು ಮುಟ್ಟಿತ್ತು. ದಿಬ್ಬ ಹತ್ತಿ ನೋಡ್ತಾಳೆ, ಅಯ್ಯೋ ದೇವರೇ, ಊರ ಬಾಗಿಲಿಗೆ ಮಾವಿನ ತೋರಣ, ಬೀದಿಗೆಲ್ಲ ಸಗಣಿ ನೀರು, ರಂಗೋಲಿ. ಮರದ ಕೆಳಗೆ ಆನೆಗೆ ಅಂತ ಕಬ್ಬಿನ ರಾಶಿ, ಬಾಳೆಗೊನೆ ರಾಶಿ. ಹಲಗೆ ಬಡೀತಿದ್ದಾರೆ. ಹುಡುಗರು ಮರದ ತುದಿಯಲ್ಲಿ ಕೂತು ದಾರಿ ಕಾಯ್ತಿದ್ದಾರೆ. ಸೂಗಿಗೆ ಅಲ್ಲೇ ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸ್ತಂತೆ. ಓಡಿಹೋಗೋಣ ಅಂತ ಹಿಂದೆ ತಿರುಗಿದ್ಳು. ಬೆನ್ನ ಮೇಲೆ ಆ ಭಾರ ಇಟ್ಕೊಂಡು ಎಲ್ಲಿಗೆ ಅಂತ ಓಡೋದು? ಅಷ್ಟರಲ್ಲಿ ಮರದ ಮೇಲಿನ ಹುಡುಗರು ಕಂಡುಬಿಟ್ರು. ಸೂಗಿ ಬಂದ್ಳು, ಸೂಗಿ ಬಂದ್ಳು!

ಊರಿಗೆ ಊರೇ ಓಡಿ ಬಂತಂತೆ. ಆನೆ ಎಲ್ಲೇ ಅಂತ ಶಂಕ್ರವ್ವ, ಆನೆ ಎಲ್ಲವ್ವಾ ಅಂತ ಕುಂಬಾರರ ಮುದುಕ, ಎಲ್ಲಿ ಎಲ್ಲಿ ಅಂತ ದುಗ್ಗಿ. ಎಲ್ಲರ ಕಣ್ಣೂ ಅವಳ ಬೆನ್ನ ಹಿಂದಿನ ದಾರಿ ಮೇಲೆ. ಸೂಗಿ ಬೆನ್ನ ಮೇಲಿನ ಗಂಟನ್ನ ಇನ್ನಷ್ಟು ಬಿಗಿ ಹಿಡ್ಕೊಂಡ್ಳು. ಆಮೇಲೆ ಜನರನ್ನ ಸರಿಸ್ಕೊಂಡು ಅವ್ವ ಮುಂದೆ ಬಂದ್ಳಂತೆ. ಕೈಗೆಲ್ಲ ಹೋಳಿಗೆ ಹಿಟ್ಟು. ಅವಳು ದಾರಿ ಕಡೆ ನೋಡಲೇ ಇಲ್ಲ. ಮಗಳ ಮುಖ ನೋಡಿದ್ಳು, ಬತ್ತಿದ ತುಟಿ ನೋಡಿದ್ಳು, ನೋಡಿ ಕೇಳಿದ್ಳಂತೆ, ಉಂಡ್ಯೇನೇ ಮಗಾ?

ಅಷ್ಟೇ ಕೇಳಿದ್ದು. ಸೂಗಿಯ ಅಳು ಕಟ್ಟೆ ಒಡೀತು. ಇಲ್ಲವ್ವಾ, ಉಂಡಿಲ್ಲ. ಅವ್ವಾ, ನಾನು ಸೋತೆ. ಆನೆ ಬರಲ್ಲ. ಗೆದ್ದೆ ಅಂತ ಮಾವನಿಗೆ ಸುಳ್ಳು ಹೇಳಿದೆ, ಇನ್ನೂ ತೀರ್ಮಾನ ಆಗಿಲ್ಲ ಅಂತ ಅಜ್ಜಿಗೆ ಸುಳ್ಳು ಹೇಳಿದೆ, ಕೌದಿಗೆ ತುತ್ತೂ ಇಡಲಿಲ್ಲ, ಎಲ್ಲರ ಬಟ್ಟೆ ಹಾಳು ಮಾಡಿದೆ ಅಂತ ಬಿಕ್ಕಿ ಬಿಕ್ಕಿ ಹೇಳಿದ್ಳಂತೆ. ಹೇಳ್ತಾ ಹೇಳ್ತಾ ಕೌದಿಯೊಳಗಿಂದ ಒಂದು ಕಲ್ಲು ದೊಪ್ ಅಂತ ಬಿತ್ತು, ಇನ್ನೊಂದೂ ದೊಪ್ ಅಂತ ಬಿತ್ತು. ಅವ್ವ ಸೆರಗಿಂದ ಅವಳ ಮೂಗು ಒರೆಸಿದ್ಳು. ಅಲ್ಲೇ ನೆಲದ ಮೇಲೆ ಕೂತು, ಸೂಜಿಯಿಂದ ಆ ಮೂಲೆ ಬಿಚ್ಚಿದ್ಳು. ಒಬ್ಬಳ ಕೈಲಿ ಹೋಳಿಗೆ ತರಿಸಿ, ಒಂದು ಚೂರು ಕೌದಿಯ ಹೊಟ್ಟೆಗೆ ಇಟ್ಟು, ಉಳಿದದ್ದನ್ನ ಮಗಳ ಬಾಯಿಗೆ ಇಟ್ಳಂತೆ. ಮೂಲೆ ಮುಚ್ಚೋ ಹೊತ್ತಿಗೆ ಕೌದಿ ಹತ್ತಿಯಷ್ಟು ಹಗುರ, ಆಮೇಲೆ ಅದು ಯಾವತ್ತೂ ಮಾತಾಡಲಿಲ್ಲವಂತೆ.

ಆದ್ರೆ ಊರು? ಹಲಗೆ ನಿಂತುಹೋಗಿತ್ತು. ಬಳೆಗಾರ ತಲೆ ಕೆರ್ಕೊಳ್ತಾ ಮೆಲ್ಲಗೆ ಮರದ ಹಿಂದೆ ಸರಿದ. ಯಾರು ಮೊದಲು ಬೈತಾರೋ ಅಂತ ಸೂಗಿ ಹೋಳಿಗೆ ಜಗಿಯೋದನ್ನೂ ಬಿಟ್ಟು ಕಾಯ್ತಿದ್ಳಂತೆ. ಯಾರೂ ಬೈಯಲಿಲ್ಲ. ದುಗ್ಗಿ ಮಾತ್ರ, ಹಾಗಾದ್ರೆ ಆನೆ ಬರಲ್ವಾ ಅಂತ ಕೇಳಿ, ಬರಲ್ಲ ಅಂತ ಗೊತ್ತಾಗಿದ್ದೇ ನೆಲದ ಮೇಲೆ ಬಿದ್ದು ಹೊರಳಾಡಿ ಅಳೋಕೆ ಶುರು ಮಾಡಿದ್ಳಂತೆ. ಶಂಕ್ರವ್ವ ಬೆಲ್ಲ ಕೊಟ್ಳು, ಬೇಡ. ಮುದುಕ ಮಣ್ಣಿನ ಆನೆ ಮಾಡಿಕೊಡ್ತೀನಿ ಅಂದ, ಬೇಡ. ಬಳೆಗಾರ ಬಳೆ ತೊಡಿಸ್ತೀನಿ ಅಂದ, ಅದೂ ಬೇಡ.

ಸೂಗಿ ನೋಡಿದ್ಳು. ಆ ಅಳು ಯಾವುದು ಅಂತ ಅವಳಿಗೆ ಗೊತ್ತಿತ್ತು. ಮಧ್ಯಾಹ್ನದಿಂದ ತನ್ನ ಹೊಟ್ಟೆಯೊಳಗೆ ಇದ್ದದ್ದೂ ಅದೇ. ಮೂಗು ಎಳ್ಕೊಳ್ತಾ ಎದ್ದು, ಕೌದಿಯನ್ನ ಬಿಡಿಸಿ ಬೆನ್ನ ತುಂಬ ಹೊದ್ಕೊಂಡು, ನಾಲ್ಕು ಕಾಲಾಗಿ ನಿಂತು, ಒಂದು ಕಬ್ಬನ್ನ ಸೊಂಡಿಲ ಹಾಗೆ ಬಾಯಲ್ಲಿ ಕಚ್ಕೊಂಡು, ದುಗ್ಗಿಯ ಮುಂದೆ ಬಂದು ಮಂಡಿಯೂರಿದ್ಳಂತೆ.

ದುಗ್ಗಿ ಅಳು ನಿಲ್ಲಿಸಿ ನೋಡಿದ್ಳು. ಇದು ಆನೆ ಅಲ್ಲ, ಸೂಗಕ್ಕ ಅಂದ್ಳಂತೆ. ಸೂಗಿ ಕಬ್ಬು ಅಲ್ಲಾಡಿಸಿದ್ಳು. ದುಗ್ಗಿ ಇನ್ನೊಂದು ಸಲ ನೋಡಿದ್ಳು. ಆಮೇಲೆ ಹತ್ತಿ ಕೂತ್ಳು. ಹಲಗೆಯವನು ಸುಮ್ಮನೆ ಇರ್ತಾನಾ, ಬಡಿದೇ ಬಡಿದ. ಸೂಗಿ ತೋರಣದ ಕೆಳಗೆ ತೂಗ್ತಾ ತೂಗ್ತಾ ಊರೊಳಗೆ ಹೋದ್ಳಂತೆ, ಮೊಣಕಾಲು ತರಚಿದ್ರೂ ನಿಲ್ಲಲಿಲ್ಲವಂತೆ. ಅಕ್ಕಪಕ್ಕ ಹೆಂಗಸರು ಬಗ್ಗಿ ಬಗ್ಗಿ, ಇಗೋ ನನ್ನ ಸೀರೆ, ಅಗೋ ನಿನ್ನ ಸೀರೆ, ಇದನ್ನ ರಾಣಿ ಮುಟ್ಟಿದ್ಳೇನೇ, ಮುಟ್ಟಿದ್ಳೇನೇ ಅಂತ ಕೇಳೋದು. ಮುಟ್ಟಿದ್ಳು, ಯುವರಾಜ ಒದ್ದ ಅಂತ ಸೂಗಿ ಕಬ್ಬಿನ ಸಂದಿಯಿಂದ ಹೇಳೋದು. ಯುವರಾಜ ಒದ್ದದ್ದು ನನ್ನ ತುಂಡನ್ನೇ ಅಂತ ಶಂಕ್ರವ್ವ, ಅಲ್ಲ ನನ್ನದನ್ನೇ ಅಂತ ಇನ್ನೊಬ್ಳು, ಬೀದೀಲಿ ಅದೇ ಜಗಳ. ಹೇಳ್ತಾ ಹೇಳ್ತಾ ಸೂಗಿಗೆ ನಗು ಬಂದು ಕಬ್ಬು ಬಾಯಿಂದ ಬಿದ್ದುಹೋಯ್ತಂತೆ.

ಆನೆಯ ಪಾಲಿನ ಬಾಳೆಹಣ್ಣು ಊರೇ ತಿಂತು, ಸಿಪ್ಪೆ ಎಮ್ಮೆಗಳು ತಿಂದ್ವು. ಆಮೇಲೂ ಸೂಗಿಗೆ ಒಮ್ಮೊಮ್ಮೆ ಅದು ನೆನಪಾಗ್ತಿತ್ತಂತೆ, ನೆನಪಾದಾಗ ಅವ್ವನ ಹತ್ರ ಹೋಗಿ ಅತ್ತು ಬರ್ತಿದ್ಳಂತೆ. ದುಗ್ಗಿ ಮಾತ್ರ ದೊಡ್ಡವಳಾಗಿ ಮೊಮ್ಮಕ್ಕಳನ್ನ ಕಂಡ ಮೇಲೂ, ನಾನು ಸಣ್ಣವಳಿದ್ದಾಗ ನಮ್ಮೂರಿಗೆ ಆನೆ ಬಂದಿತ್ತು, ಮೇಲೆ ಕೂತವಳು ನಾನೇ ಅಂತ ಹೇಳ್ಕೊಂಡು ತಿರುಗ್ತಿದ್ಳಂತೆ.

ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಚಾಪೆ ಮೇಲಿದ್ದೀವಿ, ನಮ್ಮ ಕತೆಯೂ ಮುಸುಕೆಳೆದು ಮಲಗ್ತು. ಓ, ಈ ಕಡೆ ತಿರುಗಿದ್ಯಾ? ಬಾ.